ಮೆಫೀತೆಗೆ ಹೋಗುವವರು ಬಸ್ಸಿನ ವೇಳಾಪಟ್ಟಿಯನ್ನು ಎರಡು ಸಲ ಓದಬೇಕು

ಈಸ್ಟರ್ ಹಬ್ಬ ಮುಗಿದ ಮಂಗಳವಾರ ದಕ್ಷಿಣ ಇಟಲಿಯ ಅವೆಲ್ಲಿನೊ ಪಟ್ಟಣದ ಬಸ್ ನಿಲ್ದಾಣದಲ್ಲಿ ನಾವು ಮೂವರು ಎರಡೂವರೆ ತಾಸು ಬಾರದ ಬಸ್ಸಿಗಾಗಿ ಕಾಯುತ್ತ ಕೂಡದೆ ಇದ್ದಿದ್ದರೆ ಬಹುಶಃ ನಾನು ಈ ಬರಹಕ್ಕೆ ಕೈ ಹಾಕುತ್ತಿರಲಿಲ್ಲ. ನೇಪಲ್ಸ್‌ನಲ್ಲಿ ಕೆಲಸದಲ್ಲಿರುವ ಮಗಳ ಮನೆಗೆ ಧಾರವಾಡದಿಂದ ಹೋಗಿ ಇಪ್ಪತ್ತು ದಿನ ಇದ್ದು ಬಂದೆವು. ಪೊಂಪೆಯಿ, ಕಾಪ್ರಿ, ರೋಮ್ ಎಲ್ಲವನ್ನೂ ನೋಡಿದೆವು; ಅವುಗಳ ಬಗ್ಗೆ ಬರೆದವರು ಬೇಕಾದಷ್ಟು ಜನರಿರುವುದರಿಂದ ಆ ದಿನಗಳನ್ನು ಇಲ್ಲಿ ಬಿಟ್ಟಿದ್ದೇನೆ. ಮೆಫೀತೆ ಎಂಬ ಗಂಧಕದ ಕೆರೆಯನ್ನು ಹುಡುಕಿಕೊಂಡು ಹೋದ ಎರಡು ದಿನಗಳ ವಿವರವಷ್ಟೇ ಮುಂದೆ ಅಲ್ಲಿಗೆ ಹೋಗಬೇಕೆನ್ನುವವರಿಗೆ ಉಪಯೋಗವಾದೀತು.

ನಾವು ಮೊದಲು ಹೋದದ್ದು ಅವೆರ್ನೊ ಸರೋವರಕ್ಕೆ. ಅದು ನೇಪಲ್ಸ್‌ನ ಪಶ್ಚಿಮಕ್ಕೆ, ಪೊಟ್ಸುವೊಲಿ ಊರಿನ ಆಚೆ, ಹಳೆಯ ಜ್ವಾಲಾಮುಖಿಯ ಬಾಯಲ್ಲಿ ನೀರು ನಿಂತು ಆದ ಕೆರೆ. ಪಾತಾಳಕ್ಕೆ ಇಳಿಯುವ ದಾರಿ ಅಲ್ಲಿದೆಯೆಂದೂ ಅದರ ವಿಷಗಾಳಿಗೆ ಮೇಲೆ ಹಾರುವ ಹಕ್ಕಿಗಳು ಸತ್ತು ಬೀಳುತ್ತಿದ್ದವೆಂದೂ ಪ್ರಾಚೀನರು ಬರೆದಿಟ್ಟಿದ್ದಾರೆ. ನಾವು ನೋಡಿದ್ದು ತಿಳಿನೀರು, ದಡದುದ್ದಕ್ಕೂ ಓಡುತ್ತಿದ್ದ ವ್ಯಾಯಾಮಪ್ರಿಯರು, ಇಳಿಜಾರಿನಲ್ಲಿ ದ್ರಾಕ್ಷಿ ತೋಟ ಮತ್ತು ನೀರಿನ ಮೇಲೆ ನಿಶ್ಚಿಂತೆಯಿಂದ ತೇಲುತ್ತಿದ್ದ ಬಾತುಕೋಳಿಗಳು. ಗಂಧಕದ ಎಳೆಯಷ್ಟು ವಾಸನೆಯೂ ಇರಲಿಲ್ಲ. ದಂಡೆಯಲ್ಲಿ ಅಪೊಲೋ ದೇವಾಲಯವೆಂದು ಜನ ಕರೆಯುವ ಗುಮ್ಮಟದ ಅವಶೇಷ ಕೂಡ ದೇವಾಲಯವಲ್ಲ, ರೋಮನ್ನರ ಸ್ನಾನಗೃಹದ ಹಜಾರ. ಗಂಧಕದ ಹೊಗೆ ನಿಜವಾಗಿ ಏಳುವ ಸೊಲ್ಫತಾರ ಕುಂಡ ಅಲ್ಲಿಂದ ಹತ್ತಿರವೇ ಇದೆ. ಆದರೆ 2017ರ ಸೆಪ್ಟೆಂಬರ್‌ನಲ್ಲಿ ಒಂದೇ ಕುಟುಂಬದ ತಂದೆ, ತಾಯಿ, ಮಗ ಅಲ್ಲಿನ ಗುಂಡಿಯಲ್ಲಿ ಬಿದ್ದು ಸತ್ತ ಮೇಲೆ ಅದರ ಬಾಗಿಲು ಮುಚ್ಚಿದೆ, ನಮಗೂ ಮುಚ್ಚಿಯೇ ಇತ್ತು. ನನ್ನ ನಿರಾಶೆಯನ್ನು ನೋಡಿದ ಮಗಳು, "ಅಪ್ಪಾ, ಖರೇನ ಮಂದಿನ್ನ ಸಾಯಿಸೋ ಕೆರೀನ ನೋಡಬೇಕಂದ್ರ ಗುಡ್ಡದ ಮ್ಯಾಲಿನ ಸೀಮಿಗೆ ಹೋಗಬೇಕು" ಎಂದಳು. ಆಕೆಯ ಸಹೋದ್ಯೋಗಿಯೊಬ್ಬರ ಊರು ಆ ಕಡೆಯದಂತೆ.

ಹೀಗೆ ಇರ್ಪಿನಿಯ ಎಂಬ ಸೀಮೆಗೆ ಹೊರಟೆವು. ನೇಪಲ್ಸ್‌ನಿಂದ ಒಳನಾಡಿನತ್ತ ಐವತ್ತು ಚಿಲ್ಲರೆ ಕಿಲೋಮೀಟರು ಹೋದರೆ ಜಿಲ್ಲಾ ಕೇಂದ್ರವಾದ ಅವೆಲ್ಲಿನೊ. ಅಲ್ಲಿಂದ ಮತ್ತೆ ಸುಮಾರು ಅಷ್ಟೇ ದೂರ ಬೆಟ್ಟದ ದಾರಿಯಲ್ಲಿ ಹೋದರೆ ರೊಕ್ಕ ಸಾನ್ ಫೆಲೀಚೆ ಎಂಬ ಸಣ್ಣ ಊರು. ಕೆರೆ ಇರುವುದು ಆ ಊರಿನ ಹೊರಗಿನ ಕಣಿವೆಯಲ್ಲಿ. ರೊಕ್ಕ ಎಂದರೆ ಇಟಾಲಿಯನ್ ಭಾಷೆಯಲ್ಲಿ ಕೋಟೆ. ನಮ್ಮ ಕಡೆಯ ಅರ್ಥದಲ್ಲಿ ಅದು ಎಷ್ಟು ಹೋಯಿತೆಂಬುದನ್ನು ಮುಂದೆ ಹೇಳುತ್ತೇನೆ.

ನೇಪಲ್ಸ್‌ನಿಂದ ಅವೆಲ್ಲಿನೊಗೆ ಬಸ್ಸುಗಳಿಗೆ ಕೊರತೆಯಿಲ್ಲ, ಒಂದು ತಾಸಿನ ಹಾದಿ, ಆ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಟಿಕೆಟನ್ನು ಮಾತ್ರ ಬಸ್ಸು ಹತ್ತುವ ಮೊದಲೇ ತಂಬಾಕಿನ ಅಂಗಡಿಯಲ್ಲಿ ಕೊಂಡಿರಬೇಕು. ಕಂಡಕ್ಟರ್ ಬಂದು ಕೊಡುತ್ತಾನೆಂದು ಕಾಯುವ ನಮ್ಮ ರೂಢಿಯನ್ನು ಊರಲ್ಲೇ ಬಿಟ್ಟು ಹೋಗಬೇಕು. ತೊಂದರೆ ಶುರುವಾಗುವುದು ಅವೆಲ್ಲಿನೊ ದಾಟಿದ ಮೇಲೆ. ಮಧ್ಯಾಹ್ನ ಎರಡು ಗಂಟೆಗೆ ಬೆಟ್ಟದ ಊರುಗಳಿಗೆ ಒಂದು ಬಸ್ಸಿದೆಯೆಂದು ಸಾರಿಗೆ ಕಂಪನಿಯ ವೇಳಾಪಟ್ಟಿಯಲ್ಲಿ ಸ್ಪಷ್ಟವಾಗಿ ಅಚ್ಚಾಗಿತ್ತು, ನಿಲ್ದಾಣದ ಗೋಡೆಯ ಮೇಲೂ ಅದೇ ಇತ್ತು. ಎರಡಾಯಿತು, ಎರಡೂವರೆಯಾಯಿತು, ಮೂರಾಯಿತು. ಟಿಕೆಟ್ ಕಿಂಡಿಯಲ್ಲಿದ್ದ ಮನುಷ್ಯ ಕೇಳಿದಾಗಲೆಲ್ಲ ಕೈಯನ್ನು ಗಾಳಿಯಲ್ಲಿ ಆಡಿಸಿ "ಬರುತ್ತದೆ" ಎನ್ನುತ್ತಿದ್ದ. ಆತನಿಗೆ ನಾವು ಯಾವ ಬಸ್ಸಿನ ವಿಷಯ ಕೇಳುತ್ತಿದ್ದೇವೆಂಬುದು ಗೊತ್ತಿತ್ತೋ ಇಲ್ಲವೋ, ಗೊತ್ತುಮಾಡಿಕೊಳ್ಳುವ ಮನಸ್ಸಂತೂ ಇರಲಿಲ್ಲ. ಕೊನೆಗೆ ನಾಲ್ಕೂವರೆಗೆ, ಟಿಕೆಟ್ ಮಾರಿದ ತಂಬಾಕಿನ ಅಂಗಡಿಯ ಮುದುಕಿಯೇ ಹೊರಗೆ ಬಂದು, ಗೋಡೆಯ ಪಟ್ಟಿಯಲ್ಲಿ ಎರಡು ಗಂಟೆಯ ಪಕ್ಕದಲ್ಲಿ ಸಾಸಿವೆ ಕಾಳಿನಷ್ಟಿದ್ದ ಒಂದು 'ಎಸ್' ಅಕ್ಷರದ ಮೇಲೆ ಬೆರಳಿಟ್ಟು ತೋರಿಸಿದಳು. ಆ ಅಕ್ಷರವಿದ್ದ ಬಸ್ಸು ಶಾಲೆ ನಡೆಯುವ ದಿನಗಳಲ್ಲಿ ಮಾತ್ರ ಓಡುತ್ತದೆ. ಈಸ್ಟರ್ ರಜೆ ಮುಗಿದು ಶಾಲೆಗಳು ತೆರೆಯುವುದು ಬುಧವಾರ. ನಾವು ಬಂದದ್ದು ಮಂಗಳವಾರ. ನಾಲ್ಕು ವರ್ಷದಿಂದ ಆ ದೇಶದಲ್ಲಿರುವ ನನ್ನ ಮಗಳಿಗೂ ಆ ಅಕ್ಷರ ಕಂಡಿರಲಿಲ್ಲ.

ಇದನ್ನು ಇಷ್ಟು ವಿವರವಾಗಿ ಬರೆಯಲು ಕಾರಣವಿದೆ. ಇರ್ಪಿನಿಯದ ಹಳ್ಳಿಗಳಿಗೆ ಹೋಗುವ ಬಸ್ಸುಗಳಲ್ಲಿ ಹಲವು ಈ ಬಗೆಯವು, ಶಾಲಾಮಕ್ಕಳಿಗಾಗಿ ಇಟ್ಟಿರುವಂಥವು. ಆದ್ದರಿಂದ ಬೇಸಿಗೆ ರಜೆಯಲ್ಲಿ, ಕ್ರಿಸ್‌ಮಸ್ ಈಸ್ಟರ್‌ಗಳ ಆಸುಪಾಸಿನಲ್ಲಿ, ಭಾನುವಾರಗಳಂದು ಅವನ್ನು ನಂಬಿ ಹೊರಡಬೇಡಿ. ನಮ್ಮವರು ಇಟಲಿಗೆ ಹೆಚ್ಚಾಗಿ ಹೋಗುವುದು ಮಕ್ಕಳಿಗೆ ಇಲ್ಲಿ ಬೇಸಿಗೆ ರಜೆಯಿರುವಾಗಲೇ. ಕಾರು ಬಾಡಿಗೆಗೆ ಪಡೆಯುವುದು ಎಲ್ಲಕ್ಕಿಂತ ಸುಲಭ. ಹಾಗೆ ಮಾಡುವವರು ಇಲ್ಲಿಂದ ಹೊರಡುವ ಮೊದಲು ಆರ್‌ಟಿಒ ಕಚೇರಿಯಲ್ಲಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ಮಾಡಿಸಿಕೊಂಡಿರಬೇಕು, ನಮ್ಮ ಲೈಸೆನ್ಸ್ ಒಂದೇ ಅಲ್ಲಿ ಸಾಲದು. ಹೆದ್ದಾರಿಯಿಂದ ಗ್ರೊತ್ತಾಮಿನಾರ್ದ ಎಂಬಲ್ಲಿ ಇಳಿದರೆ ಅಲ್ಲಿಂದ ಇಪ್ಪತ್ತು ಕಿಲೋಮೀಟರಿನಷ್ಟು ಬೆಟ್ಟದ ರಸ್ತೆ. ನಾನು ಪರವಾನಗಿ ಮಾಡಿಸಿರಲಿಲ್ಲ, ಮಗಳಿಗೆ ಕಾರು ನಡೆಸಲು ಬರುವುದಿಲ್ಲ. ಹಾಗಾಗಿ ಒಬ್ಬ ಟ್ಯಾಕ್ಸಿಯವನ ಕೈಗೆ ಸಿಕ್ಕಿಕೊಂಡೆವು. ಆತ ನೂರಿಪ್ಪತ್ತು ಯೂರೊ ಎಂದ, ತೊಂಬತ್ತಕ್ಕೆ ಇಳಿದ. ಮೂವರ ಬಸ್ ಟಿಕೆಟಿಗೆ ಆಗಬಹುದಾಗಿದ್ದ ಖರ್ಚು ಹದಿನೈದು ಯೂರೊ ಒಳಗೆ.

ಆ ಮಂಗಳವಾರದ ಬೆಳಿಗ್ಗೆ ಮಾತ್ರ ಹಾಳಾಗಲಿಲ್ಲ. ಅವೆಲ್ಲಿನೊದಲ್ಲಿ ಮ್ಯೂಸಿಯೊ ಇರ್ಪಿನೊ ಎಂಬ ವಸ್ತುಸಂಗ್ರಹಾಲಯವಿದೆ. ಮೆಫೀತೆಗೆ ಹೋಗುವವರು ಕೆರೆಗಿಂತ ಮೊದಲು ಇದನ್ನು ನೋಡಲೇಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ, ಏಕೆಂದರೆ ಕೆರೆಯ ದಂಡೆಯಲ್ಲಿ ದೇವಸ್ಥಾನವೆಂದು ಕೈತೋರಿಸುವಂಥದ್ದು ಏನೂ ಉಳಿದಿಲ್ಲ. ಅಲ್ಲಿದ್ದ ದೇವತೆಯ ಹೆಸರು ಮೆಫೀತಿಸ್. ರೋಮನ್ನರು ಬರುವ ಎಷ್ಟೋ ಮೊದಲೇ ಈ ಸೀಮೆಯಲ್ಲಿದ್ದ ಹಿರ್ಪಿನಿ ಎಂಬ ಜನ ಆಕೆಯನ್ನು ಪೂಜಿಸುತ್ತಿದ್ದರು. ಹಿರ್ಪುಸ್ ಎಂದರೆ ಅವರ ಭಾಷೆಯಲ್ಲಿ ತೋಳ, ತೋಳವೇ ದಾರಿ ತೋರಿಸಿ ತಮ್ಮನ್ನು ಇಲ್ಲಿಗೆ ಕರೆತಂದಿತೆಂದು ಅವರ ನಂಬಿಕೆ. ಕೆರೆಯ ಹತ್ತಿರದ ಉತ್ಖನನದಲ್ಲಿ ಹರಕೆಯ ಮಣ್ಣಿನ ಬೊಂಬೆಗಳು, ಕಂಚಿನ ಸಣ್ಣ ಮೂರ್ತಿಗಳು, ನಾಣ್ಯಗಳು, ಆಭರಣಗಳು ಸಿಕ್ಕಿವೆ. ಎಲ್ಲಕ್ಕಿಂತ ಮುಖ್ಯವಾದವು ಕಟ್ಟಿಗೆಯ ಮೂರ್ತಿಗಳು. ಹಲಗೆಯಂತೆ ಚಪ್ಪಟೆಯಾದ ಮೈ, ಕೈಕಾಲುಗಳ ಸುಳಿವೇ ಇಲ್ಲ, ಮುಖದಲ್ಲಿ ಕಣ್ಣು ಮೂಗು ಬಾಯಿಗಳಿಗೆ ನಾಲ್ಕಾರು ಕೊರೆತಗಳಷ್ಟೆ. ಎರಡು ಸಾವಿರ ವರ್ಷಕ್ಕೂ ಹಿಂದಿನ ಕಟ್ಟಿಗೆ ಇಟಲಿಯಂಥ ಮಳೆಯ ನಾಡಿನಲ್ಲಿ ಉಳಿಯುವುದು ಬಹಳ ಅಪರೂಪ. ಆಮ್ಲಜನಕವೇ ತಲುಪದ ಆ ಕೆಸರಿನಲ್ಲಿ ಹುದುಗಿದ್ದರಿಂದ ಇವು ಕೊಳೆಯದೆ ಉಳಿದವು. ಉಸಿರಾಡುವ ಪ್ರಾಣಿಗಳನ್ನು ಕೊಲ್ಲುವ ಜಾಗವೇ ಕಟ್ಟಿಗೆಯ ದೇವರನ್ನು ಕಾಪಾಡಿದೆ. ನನ್ನಾಕೆ ಆ ಮೂರ್ತಿಗಳ ಮುಂದೆ ಬಹಳ ಹೊತ್ತು ನಿಂತಿದ್ದಳು. ಮೆಫೀತಿಸ್ ಎಂಬಾಕೆ ವಿಷಗಾಳಿಯ ದೇವತೆ, ಆದರೆ ಆ ಗಾಳಿಯಿಂದ ಬರುವ ರೋಗವನ್ನು ತಡೆಯುವವಳೂ ಆಕೆಯೇ ಎಂದು ಮಗಳು ಫಲಕವನ್ನು ಓದಿ ಹೇಳಿದಾಗ ಆಕೆ ಆಶ್ಚರ್ಯವನ್ನೇನೂ ಪಡದೆ, "ನಮ್ಮ ದುರ್ಗವ್ವ ಇದ್ದಂಗ. ಬ್ಯಾನಿ ಕೊಡಾಕಿನೂ ಆಕೀನ, ತೆಗೆಯಾಕಿನೂ ಆಕೀನ" ಎಂದಳು. ಗಾಜಿನ ಪೆಟ್ಟಿಗೆಯ ಪಕ್ಕದ ಎರಡು ಪುಟದ ವಿವರಣೆಗಿಂತ ಈ ಮಾತು ನನಗೆ ಹೆಚ್ಚು ತಿಳಿಸಿತು.

ರಾತ್ರಿ ತಂಗಿದ ತೋಟದ ಮನೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಮೂವರಿಗೆ ನೂರಾಹತ್ತು ಯೂರೊ ಕೊಟ್ಟು ಕಾದಿರಿಸಿದ್ದ ಆ ಕೋಣೆಯಲ್ಲಿ, ಏಪ್ರಿಲ್ ತಿಂಗಳಲ್ಲೂ ಹಲ್ಲು ಕಟಕಟ ಎನ್ನುವ ಚಳಿಗೆ ಹೀಟರ್ ಹಾಕಲು ಮತ್ತೆ ಹದಿನೈದು ಯೂರೊ ಕೇಳಿದರು. ಬೆಟ್ಟದ ಊರುಗಳಲ್ಲಿ ಕೋಣೆ ಕಾದಿರಿಸುವಾಗ ಬಿಸಿಯ ವ್ಯವಸ್ಥೆ ಬಾಡಿಗೆಯಲ್ಲಿ ಸೇರಿದೆಯೇ ಎಂದು ಬರವಣಿಗೆಯಲ್ಲಿ ಕೇಳಿಕೊಳ್ಳಿ.

ಮರುದಿನ ಬೆಳಿಗ್ಗೆ ಬೇಗನೆ ಕೆರೆಗೆ ಹೊರಡಬೇಕೆಂಬ ನನ್ನ ಅವಸರವನ್ನು ತಡೆದವನು ಆ ತೋಟದ ಮನೆಯ ಆಳು. ಅಲ್ಲಿ ಸಿಕ್ಕ ಒಂದೇ ಒಳ್ಳೆಯ ಸಂಗತಿ ಅದು. ಗಾಳಿ ಬೀಸುವವರೆಗೆ ಹೋಗಬೇಡಿ ಎಂದು ಆತ ಮೂರು ಸಲ ಹೇಳಿದ. ಆತ ಹೇಳಿದ್ದರ ಹಿಂದೆ ಇರುವ ಕಾರಣವನ್ನು ಬಿಡಿಸಿ ಹೇಳುವುದು ಒಳ್ಳೆಯದು. ಮೆಫೀತೆಯಿಂದ ಹೊರಬರುವ ಅನಿಲದಲ್ಲಿ ಬಹುತೇಕ ಎಲ್ಲವೂ ಇಂಗಾಲದ ಡೈಆಕ್ಸೈಡ್. ದಿನಕ್ಕೆ ಸುಮಾರು 2,000 ಟನ್ ಬರುತ್ತದೆಂದು ಇಟಲಿಯ ವಿಜ್ಞಾನಿಗಳು ಅಳೆದು 2010ರಲ್ಲಿ ಪ್ರಕಟಿಸಿದ್ದಾರೆ. ಜ್ವಾಲಾಮುಖಿಯಲ್ಲದ ಜಾಗದಲ್ಲಿ, ಬಿಸಿಯೇ ಇಲ್ಲದೆ ಇಷ್ಟು ಅನಿಲ ಹೊರಡುವ ಇನ್ನೊಂದು ಸ್ಥಳ ಲೋಕದಲ್ಲಿ ತಿಳಿದಿಲ್ಲವೆಂದು ಅವರು ಬರೆದರು. ನಮ್ಮ ಮೂಗಿಗೆ ಬಡಿಯುವ ಕೊಳೆತ ಮೊಟ್ಟೆಯ ವಾಸನೆ ಅದರಲ್ಲಿ ಬೆರೆತಿರುವ ಅಲ್ಪ ಪ್ರಮಾಣದ ಹೈಡ್ರೋಜನ್ ಸಲ್ಫೈಡಿನದು. ಇಂಗಾಲದ ಡೈಆಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ, ತೂಕ ಮಾತ್ರ ಗಾಳಿಗಿಂತ ಹೆಚ್ಚು. ಆದ್ದರಿಂದ ಗಾಳಿಯಾಡದ ರಾತ್ರಿ ಮತ್ತು ಮುಂಜಾವಿನ ಹೊತ್ತಿನಲ್ಲಿ ಅದು ತಗ್ಗಿನಲ್ಲಿ ನೀರಿನಂತೆ ತುಂಬಿ, ಹಳ್ಳದ ಗುಂಟ ಹರಿದು ಹೋಗುತ್ತದೆ. ಆ ಹಳ್ಳಕ್ಕೆ ಅಲ್ಲಿನವರು ಇಟ್ಟ ಹೆಸರಿನ ಅರ್ಥವೇ ಸಾವಿನ ದಾಟು. ಅಲ್ಲಿ ಕುರಿ, ನರಿ, ಹಕ್ಕಿಗಳಷ್ಟೇ ಅಲ್ಲದೆ ಮನುಷ್ಯರೂ ಸತ್ತಿದ್ದಾರೆ, ಅದೂ ನಮ್ಮ ಕಾಲದಲ್ಲಿಯೇ. ಹೈಡ್ರೋಜನ್ ಸಲ್ಫೈಡ್ ಹೆಚ್ಚಾದರೆ ಮೂಗು ವಾಸನೆ ಗ್ರಹಿಸುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ, ಹಾಗಾಗಿ ವಾಸನೆ ನಿಂತುಹೋಯಿತೆಂದು ಸಮಾಧಾನಪಟ್ಟು ಮುಂದೆ ಹೆಜ್ಜೆ ಇಡುವಂತಿಲ್ಲ.

ಹತ್ತು ಗಂಟೆಗೆ ಗಾಳಿ ಎದ್ದಿತು, ಹೊರಟೆವು. ಕೆರೆ ಕಾಣುವ ಮೊದಲೇ ವಾಸನೆ, ವಾಸನೆಯ ಹಿಂದೆಯೇ ಸದ್ದು. ಹಸಿರು ಹೊಲಗಳ ನಡುವೆ ಇದ್ದಕ್ಕಿದ್ದಂತೆ ಮರವಿಲ್ಲದ, ಬೂದಿ ಬಣ್ಣದ ಬೋಳು ನೆಲ. ಅಲ್ಲಲ್ಲಿ ಹಳದಿ ಗೆರೆಗಳು. ಅಂಚಿನಲ್ಲಿ ಆ ಗಾಳಿಗೆ ಒಗ್ಗಿಕೊಂಡ ಒಂದು ಬಗೆಯ ಹುಲ್ಲು ಬಿಟ್ಟರೆ ಬೇರೆ ಏನೂ ಬೆಳೆದಿರಲಿಲ್ಲ. ತಗ್ಗಿನಲ್ಲಿ ಬೂದುಬಣ್ಣದ ಕೆಸರು ನೀರು ಮದುವೆ ಮನೆಯ ಕೊಪ್ಪರಿಗೆಯಲ್ಲಿ ಅನ್ನಕ್ಕಿಟ್ಟ ಎಸರಿನಂತೆ ಕೊತಕೊತ ಕುದಿಯುತ್ತಿತ್ತು. ಇನ್ನೇನು ಉಗಿ ಮುಖಕ್ಕೆ ಬಡಿಯುತ್ತದೆಂದು ನಾನು ಹಿಂದಕ್ಕೆ ಸರಿದೆ, ಆದರೆ ಉಗಿಯೇ ಇಲ್ಲ. ಆ ನೀರು ತಣ್ಣಗಿರುತ್ತದೆ. ಒಲೆಯಿಲ್ಲ, ಬೆಂಕಿಯಿಲ್ಲ, ಆಳದ ಸುಣ್ಣಕಲ್ಲಿನ ಪದರಗಳಲ್ಲಿ ಸೇರಿಕೊಂಡ ಅನಿಲ ನೆಲದ ಬಿರುಕುಗಳಿಂದ ನುಗ್ಗಿ ಬರುವ ರಭಸಕ್ಕೆ ನೀರು ಕುದಿದಂತೆ ಕಾಣುತ್ತದೆ. ಓದಿ ತಿಳಿದುಕೊಂಡು ಹೋಗಿದ್ದರೂ ಕಣ್ಣು ಅದನ್ನು ಒಪ್ಪಲಿಲ್ಲ.

ಅಲ್ಲಿ ಟಿಕೆಟಿಲ್ಲ, ಕಾವಲುಗಾರನಿಲ್ಲ, ಅಪಾಯದ ಫಲಕಗಳಷ್ಟೇ ಇವೆ. ಅವುಗಳ ಆಚೆ ಕಾಲಿಡುವುದು ಬಿಡುವುದು ನಿಮ್ಮ ಬುದ್ಧಿಗೆ ಬಿಟ್ಟದ್ದು. ನಾವು ಮೇಲಿನ ದಿಬ್ಬದಲ್ಲಿ, ಗಾಳಿ ನಮ್ಮ ಬೆನ್ನಿಗೆ ಬೀಸುವ ಕಡೆಯಲ್ಲಿ ನಿಂತೆವು. ಅಷ್ಟು ದೂರದಲ್ಲಿಯೂ ನನ್ನದೊಂದು ತಪ್ಪಾಯಿತು. ಕ್ಯಾಮೆರಾದ ಮುಚ್ಚಳ ಕೈಜಾರಿ ಒಂದು ಸಣ್ಣ ತಗ್ಗಿಗೆ ಬಿದ್ದಾಗ ಯೋಚಿಸದೆ ಬಗ್ಗಿದೆ. ಗೋಲಿ ಸೋಡಾ ಅವಸರದಲ್ಲಿ ಕುಡಿದಾಗ ಮೂಗಿನೊಳಗೆ ಚುರ್ ಎಂದು ಕುಟುಕುತ್ತದಲ್ಲ, ಅದೇ ಕುಟುಕು, ಆದರೆ ಅದರ ಹತ್ತು ಪಟ್ಟು. ಕಣ್ಣಲ್ಲಿ ನೀರು ಬಂತು, ಎದೆ ಬಿಗಿಯಿತು. ಮಗಳು ತೋಳು ಹಿಡಿದು ಎಳೆದಳು. ನಿಂತವನಿಗೆ ಏನೂ ಆಗದ ಜಾಗದಲ್ಲಿ ಬಗ್ಗಿದವನಿಗೆ ಉಸಿರು ಕಟ್ಟುತ್ತದೆ. ಚಿಕ್ಕ ಮಕ್ಕಳ ಮೂಗು ಇರುವುದೇ ಆ ಎತ್ತರದಲ್ಲಿ. ಮಕ್ಕಳನ್ನು ಕರೆದೊಯ್ಯಲೇಬೇಡಿ ಎಂಬುದು ನನ್ನ ಸಲಹೆ. ಕುಕ್ಕರಗಾಲಲ್ಲಿ ಕುಳಿತು ಫೋಟೊ ತೆಗೆಯುವ ಅಭ್ಯಾಸವಿರುವವರು, ಆಸ್ತಮಾ ಅಥವಾ ಹೃದಯದ ತೊಂದರೆಯಿರುವವರು ಕೂಡ ದಿಬ್ಬದಿಂದಲೇ ನೋಡಿ ಮರಳಲಿ. ಮುಚ್ಚಳ ಅಲ್ಲಿಯೇ ಇದೆ. ಅದರಿಂದ ಒಂದು ಮಾರು ದೂರದಲ್ಲಿ ಒಂದು ಸಣ್ಣ ಹಕ್ಕಿ ರೆಕ್ಕೆ ಮಡಚಿಕೊಂಡು, ಯಾವ ಗಾಯವೂ ಇಲ್ಲದೆ ಸತ್ತು ಬಿದ್ದಿತ್ತು. ಅವೆರ್ನೊದಲ್ಲಿ ಕಾಣಸಿಗದ ಸತ್ತ ಹಕ್ಕಿ ಇಲ್ಲಿ ಕಂಡಿತು.

ಪ್ರಾಚೀನ ರೋಮ್‌ನ ವರ್ಜಿಲ್ ಕವಿ ಏನಿಯಡ್ ಕಾವ್ಯದ 7ನೆಯ ಸರ್ಗದಲ್ಲಿ ಈ ಕಣಿವೆಯನ್ನು ಹೆಸರಿಟ್ಟೇ ವರ್ಣಿಸಿದ್ದಾನೆ. ಟ್ರಾಯ್‌ನಿಂದ ಬಂದವರಿಗೂ ಲ್ಯಾಟಿನರಿಗೂ ಯುದ್ಧ ಹಚ್ಚಿಕೊಟ್ಟ ಅಲೆಕ್ಟೊ ಎಂಬ ಕ್ರೋಧದೇವತೆ ತನ್ನ ಕೆಲಸ ಮುಗಿದ ಮೇಲೆ ಪಾತಾಳಕ್ಕೆ ಇಳಿದು ಹೋಗುವುದು ಇಟಲಿಯ ನಡುವೆ ಎತ್ತರದ ಬೆಟ್ಟಗಳ ಅಡಿಯಲ್ಲಿರುವ, ಎರಡೂ ಕಡೆ ಕಪ್ಪು ಕಾಡು ಮುಚ್ಚಿಕೊಂಡ ಈ ಅಂಪ್ಸಾಂಕ್ಟಸ್ ಕಣಿವೆಯ ಬಾಯಿಂದ. ಕಾಡು ಈಗ ಇಲ್ಲ, ಉಳಿದ ವರ್ಣನೆಯಲ್ಲಿ ತಪ್ಪು ಹುಡುಕಲು ನನಗಾಗಲಿಲ್ಲ. ರೋಮನ್ ಲೇಖಕ ಪ್ಲಿನಿ ಇನ್ನೂ ಚಿಕ್ಕದಾಗಿ ಹೇಳುತ್ತಾನೆ: ಹಿರ್ಪಿನಿಗಳ ನಾಡಿನಲ್ಲಿ ಮೆಫೀತಿಸ್ ಗುಡಿಯ ಬಳಿ ಒಂದು ಜಾಗವಿದೆ, ಒಳಹೊಕ್ಕವರು ಸಾಯುತ್ತಾರೆ. ವರ್ಜಿಲ್‌ನ ಕಾವ್ಯಕ್ಕೆ ವ್ಯಾಖ್ಯಾನ ಬರೆದ ಸರ್ವಿಯಸ್ ಕೊಡುವ ಒಂದು ವಿವರ ನನ್ನ ಮನಸ್ಸಿನಿಂದ ಹೋಗುತ್ತಿಲ್ಲ. ಈ ದೇವತೆಗೆ ಬಲಿ ಕೊಡುವಾಗ ಪ್ರಾಣಿಯನ್ನು ಕಡಿಯುತ್ತಿರಲಿಲ್ಲವಂತೆ. ನೀರಿನ ಹತ್ತಿರಕ್ಕೆ ತಂದು ನಿಲ್ಲಿಸುತ್ತಿದ್ದರು, ಗಾಳಿಯೇ ಕೊಲ್ಲುತ್ತಿತ್ತು. ಕತ್ತಿ ಹಿಡಿದ ಕೈಯೇ ಇಲ್ಲದ ಬಲಿ ಅದು, ದೇವತೆ ತಾನೇ ಬಂದು ತೆಗೆದುಕೊಂಡಂತೆ. ಆ ಜನರಿಗೆ ದೇವರು ಇರುವುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲವೆನಿಸುತ್ತದೆ.

ಮೆಫೀತಿಸ್ ಎಂಬ ಹೆಸರಿಗೆ ವಿದ್ವಾಂಸರು ಕೊಡುವ ಅರ್ಥಗಳಲ್ಲಿ ಒಂದು 'ನಡುವೆ ಹೊಗೆಯಾಡುವವಳು' ಎಂಬುದು. ಅದು ಸರಿಯಾದರೆ ಆ ಹೆಸರಿನ ಎರಡು ತುಂಡುಗಳು ನಮ್ಮ 'ಮಧ್ಯ', 'ಧೂಮ' ಎಂಬ ಸಂಸ್ಕೃತ ಪದಗಳ ದೂರದ ನಂಟರು. ಆಕೆಯ ಗುಡಿಗಳು ರೋಮ್‌ನಲ್ಲಿಯೂ ಉತ್ತರದ ಕ್ರೆಮೋನದಲ್ಲಿಯೂ ಇದ್ದವು, ಕ್ರಿ.ಶ. 69ರಲ್ಲಿ ಸೈನಿಕರು ಕ್ರೆಮೋನವನ್ನು ಸುಟ್ಟು ಸೂರೆ ಮಾಡಿದಾಗ ಊರ ಗೋಡೆಯ ಹೊರಗಿದ್ದ ಮೆಫೀತಿಸಳ ಗುಡಿಯೊಂದೇ ಉಳಿಯಿತೆಂದು ಇತಿಹಾಸಕಾರ ಟ್ಯಾಸಿಟಸ್ ಬರೆದಿದ್ದಾನೆ. ಈಗ ಕೆರೆಯ ಹತ್ತಿರ ಇರುವುದು ಸಂತ ಫೆಲೀಚಿತಳ ಚರ್ಚು. ಏಳು ಗಂಡುಮಕ್ಕಳೊಡನೆ ಧರ್ಮಕ್ಕಾಗಿ ಪ್ರಾಣ ಕೊಟ್ಟ ತಾಯಿ ಆಕೆ. ಹಳೆಯ ತಾಯಿಯ ಜಾಗಕ್ಕೆ ಹೊಸ ತಾಯಿ ಬಂದಳೆಂದು ಅಲ್ಲಿನವರೇ ಹೇಳುತ್ತಾರೆ; ಚರ್ಚು ಮುಚ್ಚಿತ್ತು, ಒಳಗೆ ನೋಡಲಾಗಲಿಲ್ಲ.

ಊರು ಕೆರೆಯಿಂದ ಕೆಲವು ಕಿಲೋಮೀಟರು ದೂರ. ಕಲ್ಲಿನ ಮನೆಗಳು, ಮೇಲೆ ಪಾಳುಕೋಟೆ, ಚೌಕದಲ್ಲಿ ಹಳೆಯ ದೊಡ್ಡ ಮರ. 1980ರ ನವೆಂಬರ್ 23ರ ಭೂಕಂಪದಲ್ಲಿ ಈ ಸೀಮೆಯಲ್ಲಿ ಹತ್ತಿರ ಹತ್ತಿರ ಮೂರು ಸಾವಿರ ಜನ ಸತ್ತರು. ಸುತ್ತಲಿನ ಎಷ್ಟೋ ಊರುಗಳು ಸಿಮೆಂಟಿನಲ್ಲಿ ಮರುಹುಟ್ಟು ಪಡೆದಿರುವುದು ಟ್ಯಾಕ್ಸಿಯ ಕಿಟಕಿಯಿಂದಲೇ ತಿಳಿಯುತ್ತಿತ್ತು.

ಈಗ ಊಟದ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಆ ಎರಡು ದಿನದ ನಷ್ಟವನ್ನೆಲ್ಲ ತುಂಬಿಕೊಟ್ಟದ್ದು ಅದು. ದಾರಿಯ ಬದಿಯಲ್ಲಿ ಹೆಸರಿನ ಹಲಗೆಯೂ ಇಲ್ಲದ ಒಂದು ಊಟದ ಮನೆ. ಆರು ಮೇಜು, ಟ್ರ್ಯಾಕ್ಟರ್ ನಿಲ್ಲಿಸಿ ಬಂದ ಇಬ್ಬರು ರೈತರು, ಅಡುಗೆಯ ಹೆಂಗಸು ಮತ್ತು ಬಡಿಸುವ ಆಕೆಯ ಮಗ. ಅಚ್ಚುಮಾಡಿದ ಪಟ್ಟಿ ಇರಲಿಲ್ಲ, ಆ ದಿನ ಏನಿದೆಯೋ ಅದು. ಮಾಂಸ, ಮೀನು, ಮೊಟ್ಟೆ ಏನೂ ತಿನ್ನುವುದಿಲ್ಲವೆಂದು ಮಗಳು ಹೇಳಿದಾಗ ಆಕೆ ಕನಿಕರದಿಂದ ನಮ್ಮನ್ನು ನೋಡಿದಳು, ಕಾಯಿಲೆಯ ಪಥ್ಯವೆಂದು ತಿಳಿದಿರಬೇಕು. ಮೊದಲು ಕಟ್ಟಿಗೆ ಒಲೆಯ ಬ್ರೆಡ್ಡು ಮತ್ತು ಆಲಿವ್ ಎಣ್ಣೆ, ಆಮೇಲೆ ಕರಿದು ಗರಿಗರಿ ಮಾಡಿದ ಒಣ ಕೆಂಪು ಮೆಣಸಿನಕಾಯಿಯ ಜೊತೆ ಹುರಿದ ಆಲೂಗಡ್ಡೆ. ಆ ಮೆಣಸಿನಕಾಯಿಗೆ ಖಾರವೇ ಇಲ್ಲ, ಬ್ಯಾಡಗಿಯ ಬಣ್ಣ ಮಾತ್ರ ಇದೆ. ಬಳಿಕ ಬಂದದ್ದು ಬೀನ್ಸ್ ಕಾಳಿನ ಸಾರಿನಲ್ಲಿ ಬೇಯಿಸಿದ ಕವತೆಲ್ಲಿ: ಗೋಧಿ ಹಿಟ್ಟಿನ ಚಿಕ್ಕ ಚಿಕ್ಕ ತುಣುಕನ್ನು ಬೆರಳ ತುದಿಯಿಂದ ಒತ್ತಿ ಎಳೆದು ಸುರುಳಿ ಮಾಡಿದ ಪಾಸ್ತಾ. ನನ್ನಾಕೆ ಒಂದನ್ನು ಚಮಚದಲ್ಲಿ ಎತ್ತಿ ಬೆಳಕಿಗೆ ಹಿಡಿದು ನೋಡಿ, "ಇದು ನಮ್ಮ ಗೌಲಿನ ಐತಿ ನೋಡ್ರಿ, ಹೆಸರು ಬ್ಯಾರೆ ಇಟ್ಟಾರ ಅಷ್ಟ" ಎಂದಳು. ನಿಜ, ಮದುವೆಗೆ ಮುಂಚೆ ಓಣಿಯ ಹೆಂಗಸರೆಲ್ಲ ಕೂಡಿ ಕುಳಿತು ಮಾಡುವ ಗೌಲಿಯನ್ನೇ ಸ್ವಲ್ಪ ದೊಡ್ಡದು ಮಾಡಿದಂತಿತ್ತು. ನಾವು ಹಾಲು ಬೆಲ್ಲ ಹಾಕಿ ಪಾಯಸ ಮಾಡುತ್ತೇವೆ, ಅವರು ಕಾಳಿನ ಸಾರು ಹಾಕುತ್ತಾರೆ. ಭಾಷೆ ಬಾರದ ನನ್ನಾಕೆ ಅಡುಗೆಮನೆಯೊಳಗೆ ಹೋಗಿ ಗೌಲಿ ಹೊಸೆಯುವ ಬಗೆಯನ್ನು ಕೈಯಾಡಿಸಿ ತೋರಿಸಿದಳು, ಆಕೆ ತನ್ನ ಬಗೆಯನ್ನು ತೋರಿಸಿದಳು, ಅರ್ಧ ತಾಸು ಇಬ್ಬರೂ ಹೊರಗೆ ಬರಲಿಲ್ಲ.

ಇಷ್ಟರಲ್ಲಿ ಬಡಿಸುವ ಹುಡುಗ ನನ್ನ ಮುಂದೆ ಕಾರ್ಮಷಾನೊ ಎಂಬ ಚೀಸಿನ ಎರಡು ತುಂಡು ಇಟ್ಟಿದ್ದ. ಮೆಫೀತೆಯ ಸುತ್ತಲಿನ ಹುಲ್ಲು ಮೇಯುವ ಕುರಿಗಳ ಹಾಲಿನದು, ಅದರ ರುಚಿಗೆ ಆ ಗಂಧಕದ ಗಾಳಿಯೇ ಕಾರಣವೆಂದು ಆ ಕಡೆಯವರ ಹೆಮ್ಮೆ. ಗಟ್ಟಿಯಾಗಿ, ಸ್ವಲ್ಪ ಖಾರವಾಗಿ, ನಾಲಿಗೆಯ ಮೇಲೆ ಬಹಳ ಹೊತ್ತು ಉಳಿಯುವ ರುಚಿ. ಎರಡನ್ನೂ ತಿಂದು ಮುಗಿಸಿದ ಮೇಲೆ ಮಗಳು ಹುಡುಗನನ್ನು ವಿಚಾರಿಸಿ, ಹಾಲು ಒಡೆಯಲು ಹಾಕುವ ಹೆಪ್ಪು ಕುರಿಮರಿಯ ಹೊಟ್ಟೆಯಿಂದ ತೆಗೆದದ್ದು ಎಂದು ತಿಳಿಸಿದಳು. ಸಸ್ಯಾಹಾರಿಗಳು ಇಟಲಿಯಲ್ಲಿ ಇದನ್ನು ತಿನ್ನುವ ಮೊದಲು ಕೇಳಬೇಕು, ನನ್ನಂತೆ ತಿಂದ ಮೇಲೆ ಅಲ್ಲ. ನನ್ನಾಕೆಗೆ ಆ ಸಂಗತಿಯನ್ನು ಈವರೆಗೂ ಹೇಳಿಲ್ಲ. ಮೂವರ ಊಟಕ್ಕೆ ಮೂವತ್ತಾರು ಯೂರೊ. ನೇಪಲ್ಸ್‌ನ ಕಡಲ ದಂಡೆಯಲ್ಲಿ ಒಬ್ಬರಿಗೆ ಅಷ್ಟು ಕೊಟ್ಟು ಹಸಿದು ಎದ್ದದ್ದುಂಟು. ಕಾಫಿಗೆ ಆಕೆ ಹಣ ತೆಗೆದುಕೊಳ್ಳಲಿಲ್ಲ.

ವಾಪಸಾಗುವಾಗ ಅದೇ 'ಎಸ್' ಅಕ್ಷರದ ಬಸ್ಸು ಸಿಕ್ಕಿತು, ಬುಧವಾರವಾದ್ದರಿಂದ ಶಾಲೆ ತೆರೆದಿತ್ತು. ಬಸ್ಸಿನ ತುಂಬ ಹೈಸ್ಕೂಲು ಮಕ್ಕಳು, ಕಾಲಿಡಲು ಜಾಗವಿಲ್ಲ, ಗದ್ದಲವೋ ಗದ್ದಲ. ಪ್ರವಾಸಿಗಳು ಅಂಥ ಬಸ್ಸನ್ನು ಹತ್ತಬಾರದೆಂದು ಮಗಳ ಗೆಳೆಯರು ಹೇಳಿದ್ದರಂತೆ. ಮೂವತ್ತು ವರ್ಷ ಹುಬ್ಬಳ್ಳಿ ಧಾರವಾಡದ ನಡುವೆ ಫುಟ್‌ಬೋರ್ಡಿನ ಮೇಲೆ ನಿಂತು ನೌಕರಿಗೆ ಓಡಾಡಿದ ನನಗೆ ಅದರಲ್ಲಿ ದೂರುವಂಥದ್ದು ಏನೂ ಕಾಣಲಿಲ್ಲ. ಒಬ್ಬ ಹುಡುಗಿ ಎದ್ದು ನನ್ನಾಕೆಗೆ ಜಾಗ ಕೊಟ್ಟಳು ಕೂಡ. ಶಾಲೆ ನಡೆಯುವ ದಿನವಾದರೆ ಹದಿನೈದು ಯೂರೊ ಒಳಗೆ ಮೂವರು ಹೋಗಬಹುದಾದ ದಾರಿ ಇದು ಎಂದು ನೆನಪಿಟ್ಟುಕೊಳ್ಳಿ.

ಇನ್ನೊಂದು ಮಾತನ್ನು ಯಾವ ಕೈಪಿಡಿಯಲ್ಲಿಯೂ ನೋಡಲಿಲ್ಲ. ಬಟ್ಟೆಯ ವಾಸನೆ ಎರಡು ಸಲ ಒಗೆದರೆ ಹೋಗುತ್ತದೆ, ಆದರೆ ಬೆಳ್ಳಿಯನ್ನು ಮೈಮೇಲೆ ಇಟ್ಟುಕೊಂಡು ಹೋಗಬೇಡಿ. ನೇಪಲ್ಸ್ ತಲುಪಿ ರಾತ್ರಿ ಪೂಜೆಗೆ ಕುಳಿತಾಗ ನನ್ನಾಕೆ ಸಣ್ಣಗೆ ಕೂಗಿದಳು. ಕೊರಳಲ್ಲಿದ್ದ ಬೆಳ್ಳಿಯ ಕರಡಿಗೆ, ಆಕೆಯ ತವರಿನವರು ಮಾಡಿಸಿಕೊಟ್ಟದ್ದು, ಒಂದು ಮಗ್ಗಲು ಅರಿಶಿನ ಬಣ್ಣಕ್ಕೂ ಇನ್ನೊಂದು ಮಗ್ಗಲು ಹೊಗೆ ಹಿಡಿದ ಕಪ್ಪಿಗೂ ತಿರುಗಿತ್ತು. ಗಂಧಕದ ಅನಿಲ ತಗುಲಿದ ಬೆಳ್ಳಿ ಹಾಗೆಯೇ ಆಗುವುದೆಂದು ನಾನು ವಿವರಿಸಿದ್ದು ಆಕೆಗೆ ರುಚಿಸಲಿಲ್ಲ. ಒಣ ಬಟ್ಟೆಗೆ ವಿಭೂತಿ ಹಚ್ಚಿಕೊಂಡು ಒಂದು ತಾಸು ತಿಕ್ಕಿದಳು. ಮೇಲೆಲ್ಲ ಹೊಳಪು ಬಂತು. ಮುಚ್ಚಳದ ಕೀಲಿನ ಸಂದಿಯಲ್ಲಿ ಒಂದು ಕಪ್ಪು ಗೆರೆ ಇನ್ನೂ ಇದೆ.